ಟಿಪ್ಪಣಿ ಪುಸ್ತಕವೂ ಜ್ಞಾನೋಪಕರಣವೇ

ಶ್ರಾವಕನ ಷಟ್ಕರ್ಮಗಳಲ್ಲಿ ಮೂರನೆಯದು ಸ್ವಾಧ್ಯಾಯ. ದೇವಪೂಜೆಗೆ ಬಸದಿಯಿದೆ, ಗುರೂಪಾಸ್ತಿಗೆ ಚಾತುರ್ಮಾಸದ ಸನ್ನಿಧಿಯಿದೆ, ದಾನಕ್ಕೆ ರಸೀತಿ ಪುಸ್ತಕವಿದೆ. ಸಂಯಮ ಮತ್ತು ತಪಸ್ಸುಗಳಿಗೆ ಪರ್ವದಿನಗಳ ನಿಯಮವಿದೆ. ಸ್ವಾಧ್ಯಾಯಕ್ಕೆ ಮಾತ್ರ ಸಾಕ್ಷಿಯೂ ಇಲ್ಲ, ಲೆಕ್ಕವೂ ಇಲ್ಲ. ಆದುದರಿಂದಲೇ ಅದು ನಮ್ಮ ಮನೆಗಳಲ್ಲಿ ಮೊದಲು ಸೊರಗುವ ಕರ್ಮವಾಗಿದೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಸ್ವಾಧ್ಯಾಯವನ್ನು ಐದಾಗಿ ವಿಂಗಡಿಸಿದ್ದಾರೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಇವುಗಳಲ್ಲಿ ವಾಚನೆಗೆ ಮುದ್ರಿತ ಗ್ರಂಥವಾದರೂ ಸರಿ, ಮೊಬೈಲಿನ ಪರದೆಯಾದರೂ ಸರಿ. ದೃಷ್ಟಿ ಮಂದವಾದ ಹಿರಿಯರಿಗೆ ಅಕ್ಷರವನ್ನು ಹಿಗ್ಗಿಸಿ ತೋರಿಸುವ ಪರದೆಯೇ ಹೆಚ್ಚು ಅನುಕೂಲ. ಆಮ್ನಾಯವೆಂದರೆ ಶುದ್ಧವಾದ ಪುನರುಚ್ಚಾರಣೆ. ಅದು ಕಂಠದ ಕೆಲಸ. ಧರ್ಮೋಪದೇಶ ಅಧಿಕಾರವುಳ್ಳವರಿಗೆ ಸೇರಿದ್ದು. ಉಳಿದವು ಪೃಚ್ಛನೆ ಮತ್ತು ಅನುಪ್ರೇಕ್ಷೆ, ಅಂದರೆ ಸಂದೇಹವನ್ನು ಕೇಳುವುದು ಮತ್ತು ತಿಳಿದದ್ದನ್ನು ಮತ್ತೆ ಮತ್ತೆ ಮನನ ಮಾಡುವುದು. ಸಂದೇಹ ಹುಟ್ಟುವುದು ಇಂದು. ಅದನ್ನು ಪರಿಹರಿಸಬಲ್ಲ ಗುರುಗಳು ಊರಿಗೆ ಬರುವುದು ಎಂಟು ತಿಂಗಳ ಮೇಲೆ. ಅಲ್ಲಿಯವರೆಗೆ ಅದು ಎಲ್ಲಿರಬೇಕು? ನಾಲ್ಕು ದಶಕಗಳಿಂದ ನನ್ನ ಉತ್ತರ ಒಂದೇ: ಹೊಲಿಗೆ ಹಾಕಿದ, ಪುಟಸಂಖ್ಯೆ ಬರೆದ, ಒಳ್ಳೆಯ ಕಾಗದದ ಒಂದು ಟಿಪ್ಪಣಿ ಪುಸ್ತಕದಲ್ಲಿ.

ಮೊಬೈಲಿನ ಕಾಲದಲ್ಲಿ ಇದೆಲ್ಲ ಏಕೆಂದು ಕಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹಳೆಯದೆಂಬ ಕಾರಣಕ್ಕೆ ಯಾವುದೂ ಶ್ರೇಷ್ಠವಾಗುವುದಿಲ್ಲ. ಆದ್ದರಿಂದ ಅಭಿಮಾನವನ್ನು ಬದಿಗಿಟ್ಟು, ನಮ್ಮ ಶಾಸ್ತ್ರದ ಹಾಗೂ ವ್ಯಾಪಾರದ ಮರ್ಯಾದೆಯೊಳಗೆ ನಿಂತು ವಿಚಾರ ಮಾಡೋಣ.

ಪುಸ್ತಕದ ಬಗ್ಗೆ ಪೂರ್ವಾಚಾರ್ಯರ ಸಂಕೋಚ

ಗ್ರಂಥಭಂಡಾರಗಳಿಗೆ ಹೆಸರಾದ ನಮ್ಮ ಸಮಾಜದಲ್ಲಿಯೇ ಒಂದು ಕಾಲಕ್ಕೆ ಪುಸ್ತಕವೆಂಬುದು ಶಂಕೆಯ ವಸ್ತುವಾಗಿತ್ತೆಂದರೆ ಹಲವರಿಗೆ ಆಶ್ಚರ್ಯವಾದೀತು. ಶ್ವೇತಾಂಬರ ಪರಂಪರೆಯ ನಿಶೀಥ ಮತ್ತು ಬೃಹತ್ಕಲ್ಪ ಭಾಷ್ಯಗಳಲ್ಲಿ ಮುನಿಗಳು ಪುಸ್ತಕವನ್ನು ಇಟ್ಟುಕೊಳ್ಳುವುದರ ದೋಷಗಳನ್ನು ಎಣಿಸಲಾಗಿದೆ. ಗರಿಗಳ ಸಂದಿಯಲ್ಲಿ ಸೂಕ್ಷ್ಮಜೀವಿಗಳು ಸಿಲುಕಿ ಸಾಯುತ್ತವೆ, ಒಳಭಾಗವನ್ನು ಪೂರ್ಣವಾಗಿ ಪ್ರತಿಲೇಖನ ಮಾಡಲಾಗದು, ವಿಹಾರದಲ್ಲಿ ಅದು ಭಾರ, ಅದು ಪರಿಗ್ರಹ, ಬರಹವಿದೆಯೆಂಬ ಧೈರ್ಯದಿಂದ ಕಂಠಪಾಠ ಸಡಿಲವಾಗುತ್ತದೆ. ಪುಸ್ತಕವನ್ನು ಬಿಚ್ಚಿದಷ್ಟು ಸಲ, ಕಟ್ಟಿದಷ್ಟು ಸಲ, ಬರೆದ ಅಕ್ಷರಗಳಷ್ಟು ಸಲ ಪ್ರಾಯಶ್ಚಿತ್ತವೆಂಬ ಕಟ್ಟುನಿಟ್ಟೂ ಅಲ್ಲಿದೆ.

ಆ ಪರಂಪರೆಯ ಗ್ರಂಥಗಳು ಪುಸ್ತಕಗಳನ್ನು ಆಕಾರಕ್ಕನುಸಾರವಾಗಿ ಐದು ಬಗೆಯಾಗಿ ಹೇಳುತ್ತವೆ: ಗಂಡೀ, ಕಚ್ಛಪೀ, ಮುಷ್ಟಿ, ಸಂಪುಟಫಲಕ, ಛೇದಪಾಟೀ. ಇವುಗಳಲ್ಲಿ ಮುಷ್ಟಿ ಎಂಬುದು ನಾಲ್ಕು ಅಂಗುಲದ, ಹೆಸರೇ ಹೇಳುವಂತೆ ಹಿಡಿಯೊಳಗೆ ಹಿಡಿಸುವ ಪುಸ್ತಕ. ನಾವು ಅಂಗಿಯ ಜೇಬಿನಲ್ಲಿಟ್ಟುಕೊಂಡು ಯಾತ್ರೆಗೆ ಹೊರಡುವ ಚಿಕ್ಕ ನೋಟ್‌ಬುಕ್ಕಿನ ಪೂರ್ವಜನನ್ನು ಅಲ್ಲಿ ಕಾಣಬಹುದು.

ಇಷ್ಟೆಲ್ಲ ಸಂಕೋಚವಿದ್ದರೂ ಬರೆಯುವುದು ಏಕೆ ಬಂತು? ಶ್ರುತ ಕ್ಷೀಣಿಸುತ್ತಿತ್ತು. ದಿಗಂಬರ ಪರಂಪರೆಯಂತೆ, ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ತಾವರಿತ ಶ್ರುತ ಅಳಿದುಹೋದೀತೆಂದು ಚಿಂತಿಸಿ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಒಪ್ಪಿಸಿದರು. ಅವರಿಂದ ಷಟ್ಖಂಡಾಗಮ ರೂಪುಗೊಂಡು, ಜ್ಯೇಷ್ಠ ಶುಕ್ಲ ಪಂಚಮಿಯಂದು ಗ್ರಂಥಪೂಜೆ ನಡೆಯಿತು. ಅದೇ ನಮ್ಮ ಶ್ರುತಪಂಚಮಿ. ಶ್ವೇತಾಂಬರರಲ್ಲಿ ಕ್ರಿ.ಶ. 5ನೆಯ ಶತಮಾನದಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ವಲಭಿಯಲ್ಲಿ ಆಗಮಗಳು ಪುಸ್ತಕಾರೂಢವಾದವು. ಎರಡೂ ಪರಂಪರೆಗಳಲ್ಲಿ ಕಾರಣ ಒಂದೇ. ನೆನಪು ಸೋಲುತ್ತಿರುವಾಗ ಬರೆಯದಿರುವುದು ಬರೆಯುವುದಕ್ಕಿಂತ ಹೆಚ್ಚಿನ ಹಾನಿ ಎಂಬ ವಿವೇಕ.

ಮುಂದೆ ದಿಗಂಬರ ಮುನಿಗಳಿಗೂ ಪಿಂಛಿ ಸಂಯಮೋಪಕರಣವಾಗಿ, ಕಮಂಡಲು ಶೌಚೋಪಕರಣವಾಗಿ ಇರುವಂತೆ ಶಾಸ್ತ್ರವು ಜ್ಞಾನೋಪಕರಣವಾಗಿ ಮಾನ್ಯವಾಯಿತು. ಉಪಕರಣ ಎಂಬ ಪದವನ್ನು ಗಮನಿಸಬೇಕು. ಉಪಕಾರ ಮಾಡುವವರೆಗೆ ಅದು ಉಪಕರಣ, ಮಮತೆ ಹುಟ್ಟಿದ ಕ್ಷಣ ಅದೇ ಪರಿಗ್ರಹ. ಟಿಪ್ಪಣಿ ಪುಸ್ತಕವನ್ನೂ ಮೊಬೈಲನ್ನೂ ಈ ಒಂದೇ ಒರೆಗಲ್ಲಿಗೆ ಉಜ್ಜಿ ನೋಡಬೇಕು.

ಕಡತ ಮತ್ತು ಓಲೆ

ಒರೆಸಿ ಬರೆಯುವ ಹಲಗೆ ಇಂದಿನ ಆವಿಷ್ಕಾರವೆಂದು ಭಾವಿಸುವುದು ಬೇಡ. ಕನ್ನಡ ನಾಡಿನ ವರ್ತಕರು ತಲೆಮಾರುಗಳ ಕಾಲ ಲೆಕ್ಕ ಬರೆದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧ. ಕಪ್ಪು ನೆಲದ ಮೇಲೆ ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲಾರಂಭಿಸಿದ ತಮ್ಮ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾರೆ. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಒರೆಸದೆ ಜೋಪಾನ ಮಾಡಿದರೆ ಬಹುಕಾಲ ಉಳಿಯುತ್ತಿತ್ತು. ಇಂದು ಕಚೇರಿಯ ಫೈಲಿಗೆ ನಾವು ಬಳಸುವ ಹೆಸರು ಅದರದ್ದೇ.

ಹಿರಿಯರು ಎಲ್ಲವನ್ನೂ ಕಡತದಲ್ಲಿ ಬರೆಯಲಿಲ್ಲ ಎಂಬುದು ಇಲ್ಲಿ ಮುಖ್ಯ. ದಾನಶಾಸನ ಕಲ್ಲಿಗೆ ಹೋಯಿತು, ಭೂಮಿಯ ಹಕ್ಕು ತಾಮ್ರಕ್ಕೆ ಹೋಯಿತು, ಶ್ರುತ ತಾಳೆಗರಿಗೆ ಹೋಯಿತು, ದಿನದ ಲೇವಾದೇವಿ ಕಡತಕ್ಕೆ ಹೋಯಿತು. ಯಾವ ಮಾತಿಗೆ ಎಷ್ಟು ಕಾಲದ ಹೊಣೆಯೋ ಅದಕ್ಕೆ ತಕ್ಕ ಆಧಾರವನ್ನು ಅವರು ಆರಿಸಿಕೊಂಡರು. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ತಾಳೆಗರಿ ಪ್ರತಿಗಳು ಶತಮಾನಗಳನ್ನು ದಾಟಿ ಬಂದುದರಿಂದಲೇ 19ನೆಯ ಶತಮಾನದ ಕೊನೆಯಲ್ಲಿ ಅವುಗಳಿಂದ ಪ್ರತಿ ಮಾಡುವ ಕಾರ್ಯ ಆರಂಭವಾಗಲು ಸಾಧ್ಯವಾಯಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುಂದಿನ ಎರಡು ದಶಕಗಳಲ್ಲಿ ಅವು 16 ಸಂಪುಟಗಳಾಗಿ ಮುದ್ರಣಗೊಂಡು ಲೋಕಕ್ಕೆ ಲಭ್ಯವಾದವು. ಅದಕ್ಕೂ ಬಹಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಬಲ್ಲೆವು. ಉಳಿಸುವುದೆಂದರೆ ಒಂದನ್ನು ಬೀಗ ಹಾಕಿ ಇಡುವುದಲ್ಲ, ಹಲವೆಡೆ ಪ್ರತಿ ಮಾಡಿ ಇಡುವುದು ಎಂದು ಆಕೆ ಅರಿತಿದ್ದಳು.

ಮೊಬೈಲು ನಮ್ಮ ಕಾಲದ ಕಡತ. ರೈಲಿನ ಸಮಯ, ಧರ್ಮಶಾಲೆಯ ದೂರವಾಣಿ, ದಿನಸಿಯ ಪಟ್ಟಿ ಇವೆಲ್ಲ ಅದರಲ್ಲಿರಲಿ. ಕೆಲಸ ಮುಗಿದ ಮೇಲೆ ಒರೆಸಿಹೋಗಲಿ. ಗುರುಗಳ ಬಾಯಿಂದ ಕೇಳಿದ ಅರ್ಥ, ಕ್ಷೇತ್ರದಲ್ಲಿ ಕಂಡ ಲಕ್ಷಣ, ಸ್ವೀಕರಿಸಿದ ವ್ರತ, ಉಳಿದ ಸಂದೇಹ ಇವು ಓಲೆಗೆ ಸೇರಬೇಕಾದವು. ನಮ್ಮ ಪಾಲಿನ ಓಲೆ ಹೊಲಿಗೆ ಹಾಕಿದ ಪುಸ್ತಕ.

ಹೊಡೆದು ಹಾಕಿದ ಸಾಲು

ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತದ್ದೂ ಅಂಗಡಿಯ ಗಾದಿಯ ಮೇಲೆ ಕಲಿತದ್ದೂ ಒಂದು ವಿಷಯದಲ್ಲಿ ಕೂಡಿಬಂದವು. ರೋಜು ಕಿರ್ದಿಯ ಪುಟವನ್ನು ಹರಿಯಬಾರದು. ಅಂಕಿಯನ್ನು ಕೆರೆದು ತಿದ್ದಬಾರದು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ರುಜು ಮಾಡಬೇಕು. ತಪ್ಪಿದ್ದೂ ಕಾಣಬೇಕು, ತಿದ್ದಿದ್ದೂ ಕಾಣಬೇಕು, ತಿದ್ದಿದವರು ಯಾರೆಂಬುದೂ ಕಾಣಬೇಕು. ಹೊಲಿಗೆ ಹಾಕಿದ ಪುಸ್ತಕದಿಂದ ಒಂದು ಹಾಳೆಯನ್ನು ತೆಗೆದರೆ ಅದರ ಜೋಡಿ ಹಾಳೆ ಸಡಿಲವಾಗಿ ಕಳ್ಳತನವನ್ನು ತಾನೇ ಹೇಳಿಬಿಡುತ್ತದೆ.

ಲೆಕ್ಕ ಗಣಕಯಂತ್ರಕ್ಕೆ ಹೋದ ಮೇಲೆ ಈ ಗುಣ ಕಳೆದುಹೋಗಿತ್ತು. ಅದನ್ನು ಮರಳಿ ತರಲು ಕಾನೂನೇ ಬರಬೇಕಾಯಿತು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಿನಾಂಕ ಸಹಿತ ದಾಖಲಾಗಬೇಕು, ಆ ದಾಖಲೆಯನ್ನು ನಿಲ್ಲಿಸಲು ಸಾಧ್ಯವಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದಾರ ಮತ್ತು ಶಾಯಿ ಸಹಜವಾಗಿ ಮಾಡುತ್ತಿದ್ದ ಕೆಲಸವನ್ನು ಈಗ ನಿಯಮ ಮಾಡಿಸುತ್ತಿದೆ.

ಆತ್ಮದ ಲೆಕ್ಕಕ್ಕೂ ಇದೇ ರೀತಿ. ಆಲೋಚನೆ, ಪ್ರತಿಕ್ರಮಣಗಳಲ್ಲಿ ನಾವು ದೋಷವನ್ನು ಅಳಿಸುವುದಿಲ್ಲ. ಅದನ್ನು ಗುರುತಿಸಿ, ನಿವೇದಿಸಿ, ಅದರಿಂದ ಹಿಂದೆ ಸರಿಯುತ್ತೇವೆ. ಆಗಿಲ್ಲವೆಂದು ನಟಿಸುವುದು ಪ್ರತಿಕ್ರಮಣವಲ್ಲ. ಪರದೆಯ ಮೇಲೆ ತಿದ್ದಿದ ಮಾತು ಮೊದಲಿನಿಂದಲೂ ಸರಿಯಾಗಿಯೇ ಇತ್ತೆಂಬಂತೆ ನಿಲ್ಲುತ್ತದೆ. ಪುಸ್ತಕದಲ್ಲಿ ಹೊಡೆದು ಹಾಕಿದ ಸಾಲು ಹತ್ತು ವರ್ಷದ ಮೇಲೂ ಓದಲು ಸಿಗುತ್ತದೆ. ನನ್ನ ತಿಳಿವಳಿಕೆ ಎಲ್ಲಿಂದ ಎಲ್ಲಿಗೆ ಬಂತೆಂಬುದನ್ನು ಅದು ತೋರಿಸುತ್ತದೆ. ಅನುಪ್ರೇಕ್ಷೆಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಿಲ್ಲ.

ವ್ಯಾಪಾರ ಮತ್ತು ಅಧ್ಯಾತ್ಮಗಳನ್ನು ಒಂದೇ ಮೇಜಿನ ಮೇಲೆ ಇಟ್ಟವರೊಬ್ಬರು ನಮ್ಮಲ್ಲಿದ್ದರು. ಮುಂಬಯಿಯಲ್ಲಿ ವಜ್ರ, ಮುತ್ತುಗಳ ವ್ಯಾಪಾರ ಮಾಡುತ್ತಿದ್ದ ಶ್ರೀಮದ್ ರಾಜಚಂದ್ರರು (1867–1901). 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ ಅವರನ್ನು ಕಂಡರು. ವ್ಯವಹಾರದ ಮೇಜಿನ ಮೇಲೆ ಯಾವುದಾದರೊಂದು ಧರ್ಮಗ್ರಂಥವೂ ದಿನಚರಿಯೂ ಸದಾ ಇರುತ್ತಿದ್ದುದನ್ನು, ವ್ಯವಹಾರ ಮುಗಿದ ಕೂಡಲೇ ಅವರು ಅವುಗಳನ್ನು ತೆರೆಯುತ್ತಿದ್ದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರು ತಮಗಾಗಿಯೇ ಬರೆದುಕೊಂಡ ಮೂರು ಕೈಪುಸ್ತಕಗಳು ಅವರ ನಂತರ ‘ಹಾಥನೋಂಧ’ ಎಂಬ ಹೆಸರಿನಲ್ಲಿ ಮುದ್ರಣಗೊಂಡು ಇಂದಿಗೂ ಅಧ್ಯಯನಕ್ಕೆ ಒದಗುತ್ತಿವೆ. ಗ್ರಾಹಕರು ಎದ್ದುಹೋದ ಆ ಐದು ನಿಮಿಷದಲ್ಲಿ ನಮ್ಮ ಕೈ ಯಾವುದರ ಕಡೆಗೆ ಹೋಗುತ್ತದೆ ಎಂಬುದನ್ನು ನಾವು ಪರೀಕ್ಷಿಸಿಕೊಳ್ಳಬೇಕು.

ಅನಿಹ್ನವವೆಂಬ ಆಚಾರ

ಮೂಲಾಚಾರದಲ್ಲಿ ಜ್ಞಾನಾಚಾರವನ್ನು ಎಂಟಾಗಿ ಹೇಳಿದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ, ಮತ್ತು ಕೊನೆಯ ಎರಡೂ ಸೇರಿದ ತದುಭಯ. ಇವುಗಳಲ್ಲಿ ಅನಿಹ್ನವವೆಂದರೆ ಯಾರಿಂದ ಕಲಿತೆವೋ ಆ ಗುರುವನ್ನು, ಯಾವುದರಿಂದ ತಿಳಿದೆವೋ ಆ ಶಾಸ್ತ್ರವನ್ನು ಮರೆಮಾಚದಿರುವುದು.

ಇಂದು ವಾಟ್ಸಾಪಿನಲ್ಲಿ ಪ್ರತಿದಿನ ಬೆಳಗ್ಗೆ ಬರುವ ಸುಭಾಷಿತಗಳನ್ನು ಗಮನಿಸಿ. ಆಚಾರ್ಯರ ಭಾವಚಿತ್ರದ ಕೆಳಗೆ ಅವರು ಎಂದೂ ಆಡಿರಲಾರದ ಮಾತು. ಯಾವ ಗ್ರಂಥ, ಯಾವ ಅಧ್ಯಾಯ ಎಂಬುದಿಲ್ಲ. ಕಳುಹಿಸಿದವರನ್ನು ಕೇಳಿದರೆ ತಮಗೂ ಬೇರೆಯವರಿಂದ ಬಂದದ್ದೆನ್ನುತ್ತಾರೆ. ನೂರು ಕೈ ದಾಟಿದ ಮಾತಿಗೆ ಯಾರೊಬ್ಬರೂ ಹೊಣೆಯಲ್ಲ. ಇದರಿಂದ ಆಗುವ ಹಾನಿ ಸಣ್ಣದಲ್ಲ. ನಾಳೆ ನಮ್ಮ ಮೊಮ್ಮಕ್ಕಳು ಅದನ್ನೇ ಆಗಮವೆಂದು ನಂಬುತ್ತಾರೆ. ಒಂದು ವಾಕ್ಯವನ್ನು ಮುಂದಕ್ಕೆ ಕಳುಹಿಸುವ ಮೊದಲು ಕೈಯಿಂದ ಪುಸ್ತಕದಲ್ಲಿ ಬರೆದು, ಕೆಳಗೆ ಮೂಲವನ್ನೂ ದಿನವನ್ನೂ ನಮೂದಿಸುವ ನಿಯಮ ಇಟ್ಟುಕೊಂಡರೆ ಹತ್ತರಲ್ಲಿ ಎಂಟು ತಾವಾಗಿಯೇ ನಿಂತುಹೋಗುತ್ತವೆ. ಮೂಲವನ್ನು ಬರೆಯಬೇಕಾದ ಜಾಗ ಖಾಲಿ ಉಳಿಯುವುದೇ ಸಾಕಷ್ಟು ಎಚ್ಚರಿಕೆ.

ವ್ಯಂಜನಶುದ್ಧಿಯ ಬಗ್ಗೆಯೂ ಒಂದು ಮಾತು. ಉತ್ತರದ ವರ್ತಕರ ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವುದು ವಾಡಿಕೆಯಾಗಿತ್ತು. ‘ಕಾಕಾಜಿ ಅಜಮೇರಕ್ಕೆ ಹೋದರು’ ಎಂಬ ಹಿಂದಿ ಒಕ್ಕಣೆಯನ್ನು ಮನೆಯವರು ‘ಕಾಕಾಜಿ ಇಂದು ತೀರಿಹೋದರು’ ಎಂದು ಓದಿಕೊಂಡು ಅಳತೊಡಗಿದರೆಂಬ ಹಾಸ್ಯ ಅಲ್ಲಿ ಮನೆಮಾತು. ‘ಅಜಮೇರ’ ಮತ್ತು ‘ಆಜ್ ಮರ್’ ಎರಡಕ್ಕೂ ಅಲ್ಲಿ ಅಕ್ಷರಗಳು ಅವೇ. ಅವಸರದ ಬರಹ ಲೆಕ್ಕಕ್ಕೆ ಸಾಕು, ಶಾಸ್ತ್ರಕ್ಕೆ ಸಾಲದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬೆರಳಚ್ಚು ಮಾಡುವ ನಮ್ಮ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಮರೆಯುತ್ತಿದೆ. ಕೈಬರಹ ನಿಧಾನವೆಂಬುದು ನಿಜ, ಆ ನಿಧಾನದಲ್ಲಿಯೇ ಅಕ್ಷರಕ್ಕೆ ಗೌರವ ಸಲ್ಲುತ್ತದೆ.

ಯಾತ್ರೆಯಲ್ಲಿ ಪುಸ್ತಕ

ಗೃಹಸ್ಥನ ಪ್ರಯಾಣಕ್ಕೂ ನಮ್ಮಲ್ಲಿ ಮಿತಿಯುಂಟು. ದಿಗ್ವ್ರತದಲ್ಲಿ ಜೀವಮಾನದ ಎಲ್ಲೆ, ದೇಶವ್ರತದಲ್ಲಿ ನಿಯತಕಾಲದ ಎಲ್ಲೆ. ಉಪಾಸಕದಶಾಂಗದ ಆನಂದ ಶ್ರಾವಕನು ದೂರ ಪ್ರಯಾಣಕ್ಕೆ ಐನೂರು, ಸರಕು ಸಾಗಣೆಗೆ ಐನೂರು ಎಂದು ಬಂಡಿಗಳಿಗೂ ಪರಿಮಾಣ ಮಾಡಿಕೊಂಡನು. ಆದ್ದರಿಂದ ಯಾತ್ರೆಯ ಪುಸ್ತಕದ ಮೊದಲ ಪುಟದಲ್ಲಿ ಹೊರಟ ತಿಥಿ, ಹೋಗುವ ಎಲ್ಲೆ, ಮರಳುವ ದಿನ, ಆ ಅವಧಿಗೆ ತೆಗೆದುಕೊಂಡ ನಿಯಮ ಇವುಗಳನ್ನು ಬರೆಯುವುದು ಯುಕ್ತ. ಬರೆದ ನಿಯಮವನ್ನು ಮುರಿಯುವುದು ಮನಸ್ಸಿನಲ್ಲೇ ಇಟ್ಟುಕೊಂಡ ನಿಯಮವನ್ನು ಮುರಿಯುವುದಕ್ಕಿಂತ ಕಷ್ಟ.

ಮುಂದಿನ ಪುಟಗಳಲ್ಲಿ ನನ್ನ ಕ್ರಮ ಹೀಗಿದೆ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು: ಕ್ಷೇತ್ರ, ಮೂಲನಾಯಕ, ಲಾಂಛನ, ಯಕ್ಷ-ಯಕ್ಷಿ, ಶಾಸನವಿದ್ದರೆ ಅದು ಇರುವ ಸ್ಥಳ, ಹೇಳಿದವರು ಯಾರು ಎಂಬುದು. ಬಲಪುಟ ಖಾಲಿ. ಅದು ಸಂದೇಹಕ್ಕೂ ಮುಂದೆ ಎಂದಾದರೂ ದೊರೆಯುವ ಉತ್ತರಕ್ಕೂ ಮೀಸಲು. ಪುಸ್ತಕದ ಹಿಂಬದಿಯಿಂದ ಖರ್ಚು ಮತ್ತು ದಾನದ ಲೆಕ್ಕ, ರಸೀತಿ ಸಂಖ್ಯೆ ಸಹಿತ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಹೋದಾಗ ಅಲ್ಲಿಯ ನಾಲ್ಕು ಮುಖದ ಮೂರ್ತಿಯನ್ನು ಕಂಡು ಜೊತೆಗಿದ್ದವರೊಬ್ಬರು, ಜಿನಾಲಯದಲ್ಲಿ ಬ್ರಹ್ಮನೇಕೆ ಎಂದು ಕೇಳಿದರು. ಸ್ಥಳದಲ್ಲಿ ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಪ್ರಶ್ನೆಯನ್ನು ಬಲಪುಟದಲ್ಲಿ ಬರೆದುಕೊಂಡೆ. ಮುಂದಿನ ಚಾತುರ್ಮಾಸದಲ್ಲಿ ಮುನಿಗಳೊಬ್ಬರ ಮುಂದೆ ಆ ಪುಟವನ್ನೇ ತೆರೆದು ಕೇಳಿದಾಗ, ಹತ್ತನೆಯ ತೀರ್ಥಂಕರರಾದ ಶೀತಲನಾಥರ ಯಕ್ಷನ ಹೆಸರು ಬ್ರಹ್ಮನೆಂದು ಅವರು ತಿಳಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೆಸರು ಹೊಂದಿತೆಂದು ಮೂರ್ತಿಯೂ ಅದೇ ಎಂದು ನಿರ್ಣಯಿಸಬಾರದು, ಕೈಗಳೆಷ್ಟು, ಆಯುಧಗಳೇನು, ವಾಹನವೇನು ಎಂಬುದನ್ನು ನೋಡಿ ಬಂದಿದ್ದೀರಾ ಎಂದು ಕೇಳಿದರು. ಆ ವಿವರ ಎಡಪುಟದಲ್ಲಿದ್ದಷ್ಟನ್ನು ಓದಿ ಹೇಳಿದೆ. ಉಳಿದದ್ದಕ್ಕೆ ಮತ್ತೊಮ್ಮೆ ಹೋಗಿಬಂದೆ. ಒಂದು ಪ್ರಶ್ನೆ ಹೀಗೆ ಎರಡು ಯಾತ್ರೆಗಳನ್ನೂ ಒಂದು ಗುರುಸನ್ನಿಧಿಯನ್ನೂ ಜೋಡಿಸಿತು. ಅಲ್ಲಿಯೇ ಮೊಬೈಲಿನಲ್ಲಿ ಹುಡುಕಿದ್ದರೆ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು, ಪೃಚ್ಛನೆಯ ವಿನಯ ಸಿಗುತ್ತಿರಲಿಲ್ಲ.

ಛಾಯಾಚಿತ್ರವಿರುವಾಗ ಬರಹವೇಕೆ ಎನ್ನುವವರು ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಮುಂದೆ ಕುಳಿತು ಅದರ ಕೆತ್ತನೆಯನ್ನು ಪೆನ್ಸಿಲಿನಿಂದ ಬರೆಯಲು ಯತ್ನಿಸಲಿ. ಚಿತ್ರ ಚೆನ್ನಾಗಿ ಬರದಿದ್ದರೂ ಅಡ್ಡಿಯಿಲ್ಲ. ಆ ಒಂದು ಗಂಟೆಯಲ್ಲಿ ಕಣ್ಣು ಎಷ್ಟು ಸಲ ಕಲ್ಲಿಗೆ ಮರಳಿತೋ ಅಷ್ಟು ಸಲ ನೋಡಿದಂತಾಯಿತು. ಗರ್ಭಗೃಹದಲ್ಲಿ ಛಾಯಾಚಿತ್ರ ನಿಷಿದ್ಧವಾಗಿರುವ ಬಸದಿಗಳು ಅನೇಕ. ದರ್ಶನ ಮಾಡಿ ಹೊರಗೆ ಬಂದು ಜಗಲಿಯ ಮೇಲೆ ಕುಳಿತು ಬರೆಯುವುದಕ್ಕೆ ಎಲ್ಲಿಯೂ ಅಡ್ಡಿಯಿಲ್ಲ.

ಇಂತಹ ತಾಳ್ಮೆಯ ಬರಹ ಏನು ಮಾಡಬಲ್ಲದೆಂಬುದಕ್ಕೆ ಶ್ರವಣಬೆಳಗೊಳವೇ ಸಾಕ್ಷಿ. 1889ರಲ್ಲಿ ಲೂಯಿಸ್ ರೈಸ್ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. 1973ರ ಮೈಸೂರು ವಿಶ್ವವಿದ್ಯಾನಿಲಯದ ಸಂಪುಟದಲ್ಲಿ 573. ಬೆಟ್ಟ ಅದೇ, ಬಂಡೆ ಅವೇ. ಮತ್ತೆ ಮತ್ತೆ ಹತ್ತಿ, ಬಗ್ಗಿ ನೋಡಿ, ಪ್ರತಿ ಮಾಡಿಕೊಂಡವರ ಶ್ರಮದಿಂದ ಸಂಖ್ಯೆ ಬೆಳೆಯಿತು. ಆ ಶಾಸನಗಳಲ್ಲಿ ಉತ್ತರದಿಂದ ಬಂದ ಯಾತ್ರಿಕರು ನಾಗರಿಯಲ್ಲೂ ಮಹಾಜನಿಯಲ್ಲೂ ಬರೆಸಿದವೂ ಇವೆ. ಬಂದೆವೆಂಬುದನ್ನು ದಾಖಲಿಸುವ ಆಸೆ ಯಾತ್ರಿಕನಿಗೆ ಸಹಜ. ಇಂದು ಬಂಡೆಯ ಮೇಲೆ ಹೆಸರು ಕೆತ್ತುವುದು ಅಪರಾಧ. ಆ ಆಸೆಗೆ ಪುಸ್ತಕವೇ ನಿರ್ದೋಷವಾದ ಬಂಡೆ.

ಕಾಗದದ ಗುಣ ಮತ್ತು ಅಹಿಂಸೆ

ಒಳ್ಳೆಯ ಪುಸ್ತಕವೆಂದರೆ ಬೆಲೆಬಾಳುವ ಪುಸ್ತಕವೆಂದಲ್ಲ. ನೋಡಬೇಕಾದುವು ಕೆಲವೇ. ಮೊದಲನೆಯದು ಹೊಲಿಗೆ. ಹಾಳೆಗಳನ್ನು ಕಂತೆ ಕಂತೆಯಾಗಿ ಮಡಿಸಿ ದಾರದಿಂದ ಹೊಲಿದ ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಹಾಳೆ ಉದುರುವುದಿಲ್ಲ. ಬರಿಯ ಅಂಟಿನಿಂದ ಕೂಡಿಸಿದ್ದು ನಾಲ್ಕಾರು ಬೇಸಿಗೆಗೆ ಬಿರಿಯುತ್ತದೆ. ಎರಡನೆಯದು ಕಾಗದದ ತೂಕ. ಚದರ ಮೀಟರಿಗೆ 80 ಗ್ರಾಂಗಿಂತ ಕಡಿಮೆಯಿಲ್ಲದ, ಮೈ ನುಣುಪಾದ ಕಾಗದದಲ್ಲಿ ಶಾಯಿ ಹಿಂಬದಿಗೆ ಇಳಿಯುವುದು ಕಡಿಮೆ. ಎರಡು ಮಗ್ಗುಲನ್ನೂ ಬಳಸಬಹುದು. ಮೂರನೆಯದು ಆಮ್ಲ. ಸ್ಫಟಿಕ ಮತ್ತು ರಾಳ ಬೆರೆಸಿ ತಯಾರಿಸುತ್ತಿದ್ದ ಹಳೆಯ ಯಂತ್ರಕಾಗದ ಕಂದಾಗಿ ಹಪ್ಪಳದಂತೆ ಮುರಿಯುವುದನ್ನು ನಮ್ಮ ಬಸದಿಗಳ ಕಪಾಟುಗಳಲ್ಲಿ ಎಲ್ಲರೂ ಕಂಡಿದ್ದೇವೆ. ಆಮ್ಲರಹಿತ ಕಾಗದವೆಂದು ಕೇಳಿ ಪಡೆಯಬೇಕು. ನಾಲ್ಕನೆಯದು ಶಾಯಿ. ಹೊಂಬುಜ, ಕುಂದಾದ್ರಿಗಳ ಮಳೆಯಲ್ಲಿ ನೀರಿಗೆ ಕರಗುವ ಶಾಯಿಯ ಬರಹ ಒಂದೇ ಹೊತ್ತಿನಲ್ಲಿ ತೊಳೆದುಹೋಗುತ್ತದೆ. ಪೆನ್ಸಿಲಿನ ಬರಹ ನೀರಿಗೂ ಬೆದರದು, ಬಿಸಿಲಿಗೂ ಮಾಸದು.

ಜೈನನಾದವನು ಇನ್ನೂ ಒಂದು ವಿಚಾರಿಸಬೇಕು. ಮೇಲು ದರ್ಜೆಯವೆಂದು ಮಾರುವ ಹಲವು ಪುಸ್ತಕಗಳಿಗೆ ಚರ್ಮದ ಹೊದಿಕೆಯಿರುತ್ತದೆ. ಪುಸ್ತಕ ಕಟ್ಟುವುದಕ್ಕೆ ಹಿಂದೆ ಪಶುಜನ್ಯ ಅಂಟು ಬಳಕೆಯಲ್ಲಿತ್ತು; ಕೆಲವು ಚಿತ್ರಕಲೆಯ ಕಾಗದಗಳಿಗೆ ಇಂದಿಗೂ ಜೆಲಟಿನ್ ಲೇಪವಿರುತ್ತದೆ. ಜ್ಞಾನೋಪಕರಣಕ್ಕೆ ಇವು ಸಲ್ಲವು. ಬಟ್ಟೆಯ ಹೊದಿಕೆಯ, ಗಂಜಿ ಅಥವಾ ಕೃತಕ ಅಂಟಿನ ಪುಸ್ತಕವನ್ನು ಕೇಳಿದರೆ ಊರಿನ ಬೈಂಡಿಂಗ್ ಅಂಗಡಿಯವರೇ ಕಟ್ಟಿಕೊಡುತ್ತಾರೆ. ಮರದ ತಿರುಳಿನ ಕಾಗದಕ್ಕೆ ಮರವೂ ನೀರೂ ಬಹಳ ಬೇಕು. ಹತ್ತಿ ಬಟ್ಟೆಯ ಕತ್ತರಣೆಯಿಂದ ತಯಾರಾಗುವ ಕೈಕಾಗದಕ್ಕೆ ಮರ ಬೇಕಿಲ್ಲ. ಜಯಪುರದ ಬಳಿಯ ಸಾಂಗಾನೇರದಲ್ಲಿ ಕಾಗಜಿ ಮನೆತನಗಳು ಈ ಕಸುಬನ್ನು ಇಂದಿಗೂ ನಡೆಸುತ್ತಿವೆ. ಮೊಬೈಲು ನಿರ್ದೋಷವೆಂದು ಇದರ ಅರ್ಥವಲ್ಲ. ಗಣಿ, ವಿದ್ಯುತ್ತು, ಕಸ ಎಲ್ಲವೂ ಅದರ ಹಿಂದಿವೆ. ಗೃಹಸ್ಥನಿಗೆ ಸಂಪೂರ್ಣ ನಿರಾರಂಭ ಸಾಧ್ಯವಿಲ್ಲ, ಅಲ್ಪಾರಂಭ ಸಾಧ್ಯ.

ಬರೆದಾದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಒಣ ಬೇವಿನ ಎಲೆಯನ್ನೋ ಬಜೆಯ ಬೇರನ್ನೋ ಜೊತೆಗಿಟ್ಟು, ವರ್ಷಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ಹುಳು ಬಂದ ಮೇಲೆ ಕೊಲ್ಲುವುದಕ್ಕಿಂತ ಬರದಂತೆ ನೋಡುವುದು ಧರ್ಮ. ಎತ್ತುವಾಗಲೂ ಇಡುವಾಗಲೂ ನೋಡಿ, ಒರೆಸಿ, ಮೆಲ್ಲಗೆ ಇಡುವುದು ಆದಾನನಿಕ್ಷೇಪಣ ಸಮಿತಿ. ಅದು ಮುನಿಗಳಿಗೆ ವಿಧಿ, ನಮಗೆ ಅಭ್ಯಾಸ.

ಪರಿಮಾಣವಿರಲಿ. ಅಂದವಾದ ಪುಸ್ತಕಗಳನ್ನು ಕೊಂಡು ಬರೆಯದೆ ಕೂಡಿಡುವವರನ್ನು ಕಂಡಿದ್ದೇನೆ. ಕಾಗದ ಕೆಡುತ್ತದೆಂದು ಬರೆಯಲು ಹಿಂಜರಿಯುತ್ತಾರೆ! ಅದು ಪರಿಗ್ರಹದ ಶುದ್ಧ ರೂಪ. ಸ್ವಾಧ್ಯಾಯಕ್ಕೆ ಒಂದು, ಯಾತ್ರೆಗೆ ಒಂದು. ಒಂದು ತುಂಬುವವರೆಗೆ ಮತ್ತೊಂದನ್ನು ಕೊಳ್ಳುವುದಿಲ್ಲವೆಂಬ ನಿಯಮ ಸಾಕು. 300 ರೂಪಾಯಿ ಕೊಟ್ಟು 200 ಪುಟದ ಪುಸ್ತಕ ತಂದರೆ ಪುಟಕ್ಕೆ ಒಂದೂವರೆ ರೂಪಾಯಿ. ಪುಟಕ್ಕೆ ಬೆಲೆಯಿದೆಯೆಂದು ತಿಳಿದಾಗ ಮಾತೂ ತೂಕವಾಗುತ್ತದೆ.

ನಮ್ಮ ನಂತರ

ಟ್ರಸ್ಟುಗಳ ಪದಾಧಿಕಾರಿಗಳೂ ಮನೆಗಳ ಹಿರಿಯರೂ ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನನಗೆ ಪರಿಚಿತರಾಗಿದ್ದ ಶ್ರಾವಕರೊಬ್ಬರು ನಲವತ್ತು ವರ್ಷ ಪ್ರವಚನಗಳ ಟಿಪ್ಪಣಿ ಬರೆದಿದ್ದರು. ಈಗ ಪೂಜೆ ನಿಂತುಹೋಗಿರುವ ಎಷ್ಟೋ ಬಸದಿಗಳ ವಿವರ, ಈಗ ಇಲ್ಲದ ಪಂಡಿತರ ಮಾತು ಅವುಗಳಲ್ಲಿದ್ದವು. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ಅವಸರದಲ್ಲಿ ಮಕ್ಕಳು ಹಳೆಯ ವೃತ್ತಪತ್ರಿಕೆಗಳ ಜೊತೆಗೆ ಅವನ್ನೂ ರದ್ದಿಗೆ ಹಾಕಿದರು. ನಲವತ್ತು ವರ್ಷದ ಸ್ವಾಧ್ಯಾಯ ತಕ್ಕಡಿಯಲ್ಲಿ ಹನ್ನೊಂದು ಕಿಲೋ ತೂಗಿತು. ಮಕ್ಕಳಲ್ಲಿ ದುರುದ್ದೇಶವಿರಲಿಲ್ಲ, ಅದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದೆಲ್ಲ ಮೊಬೈಲಿನಲ್ಲಿದ್ದಿದ್ದರೆ ಉಳಿಯುತ್ತಿತ್ತೇ? ಗುಪ್ತಸಂಖ್ಯೆ ಅವರೊಡನೆಯೇ ಹೋಗುತ್ತಿತ್ತು, ರದ್ದಿಯವನಿಗಾದರೂ ಕಾಣುತ್ತಿದ್ದ ಅಕ್ಷರ ಯಾರಿಗೂ ಕಾಣುತ್ತಿರಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಪ್ರತಿಯೊಬ್ಬರೂ ತಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಇದರಲ್ಲೇನಿದೆ, ತಮ್ಮ ನಂತರ ಇದು ಯಾರಿಗೆ ಸೇರಬೇಕು ಎಂಬುದನ್ನು ಬರೆದಿಡಲಿ. ಖಾಸಗಿಯಾದ ಆಲೋಚನೆಯ ಪುಟಗಳಿದ್ದರೆ ಅವುಗಳಿಗೆ ಬೇರೆ ಪುಸ್ತಕವಿರಲಿ, ಅದರ ವಿಲೇವಾರಿಯನ್ನೂ ತಾವೇ ಸೂಚಿಸಲಿ. ಬಸದಿಯ ಟ್ರಸ್ಟುಗಳು ಗ್ರಂಥಭಂಡಾರದ ಕಪಾಟಿನಲ್ಲಿ ಒಂದು ಅರೆಯನ್ನು ಶ್ರಾವಕ ಶ್ರಾವಿಕೆಯರ ಕೈಬರಹಕ್ಕೆಂದು ಬಿಡಲಿ. ಬಂದ ಪುಸ್ತಕಕ್ಕೆ ಕ್ರಮಸಂಖ್ಯೆ ಕೊಟ್ಟು ವಹಿಯಲ್ಲಿ ನಮೂದಿಸಲಿ. ಡಿಜಿಟಲ್ ವಿದ್ಯೆ ನಿಜವಾಗಿ ಉಪಕರಣವಾಗುವುದು ಇಲ್ಲಿಯೇ. ಯುವಕರು ಆ ಪುಟಗಳ ಪ್ರತಿಚಿತ್ರ ತೆಗೆದು ಎರಡು ಮೂರು ಕಡೆ ಉಳಿಸಲಿ, ಮೂಲ ಕಪಾಟಿನಲ್ಲಿರಲಿ. ಅತ್ತಿಮಬ್ಬೆ ಲಿಪಿಕಾರರಿಂದ ಮಾಡಿಸಿದ ಕೆಲಸವನ್ನು ನಾವು ಯಂತ್ರದಿಂದ ಮಾಡಿಸಬಹುದು.

ಬರುವ ಶ್ರುತಪಂಚಮಿಯಂದು ಮುದ್ರಿತ ಗ್ರಂಥಗಳಿಗೆ ಹೊದಿಕೆ ಬದಲಿಸುವಾಗ ಮನೆಯ ಅಟ್ಟವನ್ನೂ ಒಮ್ಮೆ ನೋಡಿ. ಅಜ್ಜನ ಕಿರ್ದಿಯ ಕೊನೆಯ ಹಾಳೆಗಳಲ್ಲಿಯೋ ಅಜ್ಜಿಯ ನೋಂಪಿಯ ಪುಸ್ತಕದಲ್ಲಿಯೋ ನಿಮ್ಮ ಊರಿನ ಬಸದಿಯ ಬಗ್ಗೆ ಬೇರೆಲ್ಲಿಯೂ ಇಲ್ಲದ ನಾಲ್ಕು ಸಾಲು ಇರಬಹುದು. ಧೂಳು ಒರೆಸಿ, ಮೊದಲು ಓದಿ. ಆಮೇಲೆ ಅದನ್ನೂ ಪೀಠದ ಮೇಲಿಡಿ.

ಜೈ ಜಿನೇಂದ್ರ.